ಮೈಕಮ್ಮ ಕಾಲೇಜು ಆರಿಸಿದ ಕಥೆ

ಬಸ್ ನಿಲ್ದಾಣಕ್ಕೆ ಒಂದು ಸಲವಾದರೂ ಬಂದವರಿಗೆ ಅವಳ ದನಿ ಗೊತ್ತು. ಮುಖ ಗೊತ್ತಿರುವವರು ಮಾತ್ರ ಬೆರಳೆಣಿಕೆಯಷ್ಟು. ಟಿಕೆಟ್ ಕೌಂಟರಿನ ನೆತ್ತಿಯ ಮೇಲೆ, ಕಿರಿದಾದ ಕಬ್ಬಿಣದ ಮೆಟ್ಟಿಲು ಹತ್ತಿದರೆ ಒಂದು ಗಾಜಿನ ಗೂಡು. ಅದರೊಳಗೆ ಒಂದು ಮೈಕು, ಎರಡು ಫೋನು, ಕಾಲ ಬುಡದಲ್ಲಿ ಗರಗರ ಅನ್ನುವ ಒಂದು ಫ್ಯಾನು, ಮತ್ತು ಅವಳು. ಯಾವ ಬಸ್ಸು ಎಲ್ಲಿ ನಿಂತಿದೆ, ಯಾವುದು ಹೊರಟಿತು, ಯಾವುದು ತಡ ಅಂತ ಇಪ್ಪತ್ತು ವರ್ಷದಿಂದ ಅಲ್ಲಿ ಕೂತೇ ಹೇಳುತ್ತ ಬಂದಿದ್ದಳು. ಡ್ರೈವರು ಕಂಡಕ್ಟರುಗಳೆಲ್ಲ ಮೈಕಮ್ಮ, ಮೈಕಮ್ಮ ಅಂತ ಕರೆದೂ ಕರೆದೂ ಆ ಹೆಸರೇ ಗಟ್ಟಿಯಾಗಿತ್ತು. ಮನೆಯಲ್ಲಿ ಗಂಡ ಕೂಡ ಜಗಳದ ನಡುವೆ ಕೈಮುಗಿದು, "ಸ್ವಲ್ಪ ಮೈಕ್ ಆಫ್ ಮಾಡು ತಾಯಿ" ಅನ್ನುತ್ತಿದ್ದ.

ಅವಳ ಓದು ಮದುವೆಯ ಹೊತ್ತಿಗೆ ಅರ್ಧಕ್ಕೇ ನಿಂತಿತ್ತು. ಮಗಳು ಓದು ಮುಗಿಸಿ ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವ ಕೆಲಸಕ್ಕೆ ಸೇರಿದ ಮೇಲೆ, ಮನೆ ಸ್ವಲ್ಪ ಉಸಿರು ಬಿಟ್ಟ ಮೇಲೆ, ಅವಳು ಹೋಗಿ ಸಂಜೆ ಕಾಲೇಜಿಗೆ ಸೇರಿದಳು. ಅಲ್ಲಿ ಇದ್ದದ್ದು ವಾಣಿಜ್ಯ ಒಂದೇ. ಸರಿ, ಅದನ್ನೇ ಓದಿದಳು. ಜಮೆ ಖರ್ಚು ತಾಳೆಯಾದರೆ ಸಂತೋಷ, ಆಗದಿದ್ದರೆ ತಲೆನೋವು. ಹಾಗೂ ಹೀಗೂ ಎರಡು ವರ್ಷ ಪಾಸಾಯಿತು. ಮೂರನೆಯದಕ್ಕೆ ಕಾಲಿಡುವ ಹೊತ್ತಿಗೆ ಪ್ರಿನ್ಸಿಪಾಲರು ಎಲ್ಲರನ್ನೂ ಒಂದೇ ಕೋಣೆಯಲ್ಲಿ ಕೂರಿಸಿ, ಸಂಜೆ ವಿಭಾಗ ಮುಚ್ಚುತ್ತಿದೆ, ನಿಮಗೆಲ್ಲ ವರ್ಗಾವಣೆ ಕೊಡುತ್ತೇವೆ, ಯಾವ ಕಾಲೇಜಿಗಾದರೂ ಹೋಗಿ, ಬೇಕಾದರೆ ವಿಷಯವನ್ನೂ ಬದಲಾಯಿಸಿಕೊಳ್ಳಿ ಅಂದರು. ಉಳಿದವರು ಗೊಣಗಿದರು. ಮೈಕಮ್ಮನ ಕಿವಿಗೆ ಬಿದ್ದದ್ದು ಕೊನೆಯ ಮಾತು ಮಾತ್ರ.

ಯಾಕೆಂದರೆ ಅವಳ ತಲೆಯಲ್ಲಿ ಒಂದು ಹುಳ ಆಗಲೇ ಹೊಕ್ಕಿತ್ತು. ಅದು ಹೊಕ್ಕಿದ್ದು ಒಂದು ಮಧ್ಯಾಹ್ನ, ಒಂದು ಬಸ್ಸು ವಿಪರೀತ ತಡವಾದ ದಿನ. ಕಾದು ಕಾದು ಬೇಸತ್ತ ಜನ ಕೆಳಗೆ ಕೌಂಟರಿನ ಮೇಲೆ ಕೈ ಬಡಿಯುತ್ತಿದ್ದರು. ಇಂಥ ಹೊತ್ತಿಗೆಂದೇ ಇಲಾಖೆ ಒಂದು ಮಾತು ಕಲಿಸಿತ್ತು: "ಕಾರಣಾಂತರಗಳಿಂದ ತಡವಾಗಿದೆ." ಅದನ್ನು ಹೇಳಿ ಹೇಳಿ ಅವಳ ನಾಲಿಗೆಯೇ ಸವೆದಿತ್ತು. ಆ ದಿನ ಅದೇನನ್ನಿಸಿತೋ, ಆ ಬಸ್ಸಿನ ಕಂಡಕ್ಟರನಿಗೇ ಫೋನು ಹಚ್ಚಿದಳು.

"ಅದೇನ್ರೀ ನಿಮ್ಮ ಕಾರಣಾಂತರ? ಇಲ್ಲಿ ಜನ ನನ್ನ ಮೆಟ್ಟಿಲು ಹತ್ತೋಕೆ ನೋಡ್ತಿದಾರೆ."

"ಮೈಕಮ್ಮಾ, ಬಸ್ಸಲ್ಲಿದ್ದ ಒಬ್ಬ ಹೆಂಗಸಿಗೆ ಹೆರಿಗೆ ನೋವು ಶುರುವಾಯ್ತು. ಡ್ರೈವರಣ್ಣ ಸೀದಾ ಆಸ್ಪತ್ರೆ ಗೇಟಿನೊಳಗೇ ಬಸ್ಸು ತಿರುಗಿಸಿಬಿಟ್ಟ. ಈಗ ಹೊರಡೋಣ ಅಂದ್ರೆ ಪ್ಯಾಸೆಂಜರುಗಳೇ ಬಿಡ್ತಿಲ್ಲ, ಏನಾಯ್ತು ಅಂತ ತಿಳಿದೇ ಹೋಗೋದು ಅಂತ ಕೂತಿದಾರೆ. ತಾಳಿ... ತಾಳಿ... ಹೆಣ್ಣು ಮಗುವಂತೆ!"

ಮೈಕಮ್ಮ ಮೈಕಿನ ಗುಂಡಿ ಒತ್ತಿ, ಕೇಳಿದ್ದನ್ನು ಕೇಳಿದ ಹಾಗೇ ಹೇಳಿದಳು. ಕೆಳಗೆ ಯಾರೋ ಒಬ್ಬರು ಚಪ್ಪಾಳೆ ತಟ್ಟಿದರು, ನೋಡನೋಡುತ್ತಿದ್ದಂತೆ ನಿಲ್ದಾಣಕ್ಕೆ ನಿಲ್ದಾಣವೇ ತಟ್ಟಿತು. ಅಲ್ಲಿಯವರೆಗೆ ಗಂಟಲು ಹರಿದುಕೊಳ್ಳುತ್ತಿದ್ದ ಮನುಷ್ಯ ಗೂಡಿನತ್ತ ಕತ್ತೆತ್ತಿ, "ತಾಯಿ ಹುಷಾರಾಗಿದಾರಂತಾ?" ಅಂತ ಕೇಳಿದ. ಅಷ್ಟರಲ್ಲಿ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದ ನಿಲ್ದಾಣದ ಉಸ್ತುವಾರಿ ಕಂಟ್ರೋಲರು, "ಅಮ್ಮಾ, ನಿಮಗೆ ಸಂಬಳ ಕೊಡೋದು ಟೈಮ್ ಹೇಳೋಕೆ, ಕಥೆ ಹೇಳೋಕಲ್ಲ" ಅಂದರು. ಅವಳು ತಲೆಯಾಡಿಸಿದಳು. ಆದರೆ ಆ ಚಪ್ಪಾಳೆ ಮಾತ್ರ ಕಿವಿ ಬಿಟ್ಟು ಹೋಗಲಿಲ್ಲ. ಕಾರಣ ತಿಳಿದ ಕೂಡಲೇ ಅಷ್ಟೂ ಜನರ ಮುಖ ಹೇಗೆ ಬದಲಾಯಿತಲ್ಲ!

ಪ್ರಿನ್ಸಿಪಾಲರ ಮಾತು ಕೇಳಿ ಬಂದ ರಾತ್ರಿ ಊಟಕ್ಕೆ ಕೂತಾಗ ವಿಷಯ ತೆಗೆದಳು. "ನಾನು ಪತ್ರಿಕೋದ್ಯಮ ಓದ್ತೀನಿ."

ಗಂಡ ಲಿಫ್ಟ್ ರಿಪೇರಿ ಮಾಡುವವನು. ಯಾವುದನ್ನೂ ಒಂದೇ ಏಟಿಗೆ ಬೇಡ ಅನ್ನುವವನಲ್ಲ, ಹೂಂ ಅನ್ನುವವನೂ ಅಲ್ಲ. "ಓದಿ ಪೇಪರಿಗೆ ಸೇರ್ತೀಯಾ?" ಅಂದ.

"ಗೊತ್ತಿಲ್ಲ ರೀ. ಮೊದಲು ಕಲೀಬೇಕು ಅನ್ನಿಸ್ತಿದೆ."

"ಇನ್ನೊಂದೇ ವರ್ಷ ಕೂತಿದ್ರೆ ಡಿಗ್ರಿ ಕೈಗೆ ಬರ್ತಿತ್ತಲ್ಲೇ."

"ಬರ್ತಿತ್ತು. ಇಟ್ಕೊಂಡು ಏನ್ಮಾಡ್ಲಿ? ನಮ್ಮನೆ ಸೋಪಿನ ಲೆಕ್ಕ ಬರೀಲಾ?"

ಮಗಳು ನಗುತ್ತ ತಟ್ಟೆ ಪಕ್ಕಕ್ಕೆ ಸರಿಸಿದಳು. "ಅಮ್ಮ, ಅಂಗಡಿಗೆ ಬರೋರಿಗೆ ಒಂದಾದ ಮೇಲೊಂದು ಗಾಜು ಹಾಕಿ, ಇದು ಸ್ಪಷ್ಟವಾ, ಇದು ಸ್ಪಷ್ಟವಾ ಅಂತ ಕೇಳ್ತೀನಲ್ಲ, ಹಾಗೇ ಮಾಡೋಣ. ಪತ್ರಿಕೋದ್ಯಮ ಇರೋ ಕಾಲೇಜು ಊರಲ್ಲಿ ಮೂರಿದೆ. ಒಂದೊಂದನ್ನೂ ನೋಡ್ಕೊಂಡು ಬಾ."

ಮೊದಲನೆಯದಕ್ಕೆ ಗಂಡ ಜೊತೆಗೆ ಬಂದ. ಹೊಳೆಯುವ ಕಟ್ಟಡ. ಬಾಗಿಲು ತಾನಾಗಿ ತೆರೆದುಕೊಂಡಿತು. ಒಳಗೆ ಕಾಲಿಟ್ಟವನೇ ಗಂಡ ಲಿಫ್ಟಿನ ಮುಂದೆ ನಿಂತುಬಿಟ್ಟ. ಹತ್ತಿದ, ಇಳಿದ, ಮತ್ತೆ ಹತ್ತಿದ. ಬಾಗಿಲ ಸಂದಿಗೆ ಕಿವಿಯಿಟ್ಟ.

"ಸದ್ದೇ ಇಲ್ಲ ಕಣೇ! ಬೆಣ್ಣೆ ಜಾರಿದ ಹಾಗೆ ಹೋಗುತ್ತೆ. ಇಷ್ಟು ಚೆನ್ನಾಗಿ ಲಿಫ್ಟ್ ಇಟ್ಕೊಂಡೋರು ಪಾಠ ಕೆಟ್ಟದಾಗಿ ಮಾಡ್ತಾರಾ?"

ಆಫೀಸಿನ ಗುಮಾಸ್ತ ಅವಳ ಅಂಕಪಟ್ಟಿ ತಿರುವುತ್ತ, "ಮಗಳು ಬಂದಿಲ್ವಾ?" ಅಂದ.

"ಮಗಳು ಅಂಗಡೀಲಿದಾಳೆ."

"ಅವರು ಬರದೆ ಅಡ್ಮಿಷನ್ ಹೇಗೆ ಮಾಡ್ಲಿ ಹೇಳಿ?"

"ಅಡ್ಮಿಷನ್ ನನಗಪ್ಪಾ."

ಗುಮಾಸ್ತ ಅವಳನ್ನೂ ಅಂಕಪಟ್ಟಿಯನ್ನೂ ನೋಡಿದ, ನಾಲಿಗೆ ಕಚ್ಚಿಕೊಂಡ. ಆಮೇಲೆ ಪ್ರಾಯಶ್ಚಿತ್ತ ಅನ್ನುವ ಹಾಗೆ ಕುರ್ಚಿ ಬಿಟ್ಟೆದ್ದು, ತಾನೇ ಸ್ಟುಡಿಯೋ ತೋರಿಸಲು ಕರೆದುಕೊಂಡು ಹೋದ. ತಣ್ಣನೆ ಕೋಣೆ, ನೀಲಿ ಪರದೆ, ತಲೆಯ ಮೇಲೆ ದೀಪಗಳ ಸಾಲು, ನಡುವೆ ಪ್ಲಾಸ್ಟಿಕ್ ಹೊದ್ದು ನಿಂತ ದೊಡ್ಡ ಕ್ಯಾಮೆರಾ. ಮೈಕಮ್ಮ ಎಲ್ಲವನ್ನೂ ಬಾಯಿ ಬಿಟ್ಟುಕೊಂಡು ನೋಡಿದಳು. ಆಮೇಲೆ ಕೇಳಿದಳು: "ಹುಡುಗರು ಇದರಲ್ಲಿ ಏನೇನು ಮಾಡಿದಾರೆ?"

"ಉದ್ಘಾಟನೆ ದಿನ ಒಂದು ಕಾರ್ಯಕ್ರಮ ಮಾಡಿದ್ರು ಮೇಡಂ. ಆಮೇಲೆ... ದುಬಾರಿ ಸಾಮಾನು ನೋಡಿ, ಎಲ್ಲರ ಕೈಗೂ ಕೊಡೋಕಾಗಲ್ಲ."

ಆದರೂ ಅಲ್ಲಿ ಒಂದು ದೊಡ್ಡ ಅನುಕೂಲವಿತ್ತು. ಅವಳ ಎರಡು ವರ್ಷದ ಓದನ್ನು ಪೂರ್ತಿ ಒಪ್ಪಿಕೊಂಡು, ನೇರ ಕೊನೆಯ ವರ್ಷಕ್ಕೆ ಸೇರಿಸಿಕೊಳ್ಳುತ್ತೇವೆ ಅಂದರು. ಮನೆಗೆ ಬರುವ ದಾರಿಯುದ್ದಕ್ಕೂ ಗಂಡ ಅದನ್ನೇ ಹೇಳಿದ. ನಡುನಡುವೆ ಲಿಫ್ಟನ್ನೂ ನೆನೆದ.

ಎರಡನೆಯದಕ್ಕೆ ಮಗಳು ಬಂದಳು. ಅದು ಹೆಸರುವಾಸಿ ಕಾಲೇಜು. ದಪ್ಪ ಕಂಬಗಳು, ಗೋಡೆ ತುಂಬ ಹಿಂದೆ ಓದಿ ಹೋದ ದೊಡ್ಡ ಮನುಷ್ಯರ ಫೋಟೋಗಳು. ಪ್ರೊಫೆಸರು ಪತ್ರಕರ್ತನ ಹೊಣೆ, ಸಮಾಜದ ಋಣ ಅಂತ ಸೊಗಸಾಗಿ ಮಾತಾಡಿದರು. ಆದರೆ ಮಾತಾಡಿದ್ದೆಲ್ಲ ಮಗಳ ಮುಖ ನೋಡಿಕೊಂಡು. ಕೊನೆಗೆ ಮಗಳೇ, "ಸರ್, ನನಗೆ ಕನ್ನಡಕ ಮಾರೋ ಕೆಲಸ ಇದೆ, ಅದೇ ಸಾಕು. ವಿದ್ಯಾರ್ಥಿ ಇವರು" ಅಂತ ತಾಯಿಯ ಭುಜ ಹಿಡಿದು ಮುಂದೆ ತಳ್ಳಿದಳು.

"ಇಲ್ಲಿನ ಹುಡುಗರು ಬರೆದದ್ದು ಏನಾದ್ರೂ ಓದೋಕೆ ಸಿಗುತ್ತಾ ಸರ್?" ಅಂತ ಮೈಕಮ್ಮ ಕೇಳಿದಳು.

"ಬರೆಯೋದು ಆಮೇಲಮ್ಮ. ಮೊದಲು ತಿಳ್ಕೊಳ್ಳೋದು," ಅಂದರು ಪ್ರೊಫೆಸರು, ನಸುನಕ್ಕು.

ಹೊರಗೆ ಬಂದ ಮೇಲೆ ತಾಯಿ ಮಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಮಸುಕು," ಅಂದಳು ಮಗಳು. ಇಬ್ಬರೂ ಬಿದ್ದು ಬಿದ್ದು ನಕ್ಕರು.

ಮೂರನೆಯದಕ್ಕೆ ಅವಳು ಒಬ್ಬಳೇ ಹೋದಳು. ಅವತ್ತು ಅವಳಿಗೆ ಜೋರು ನೆಗಡಿ. ಮೂಗು ನಲ್ಲಿಯ ಹಾಗೆ ಸೋರುತ್ತಿತ್ತು. ಆದರೆ ರಜೆ ಸಿಕ್ಕಿದ್ದು ಅವತ್ತೇ ಆದ್ದರಿಂದ ಕರವಸ್ತ್ರಗಳನ್ನು ಚೀಲಕ್ಕೆ ತುರುಕಿಕೊಂಡು ಹೊರಟಳು. ಟೈರು ಅಂಗಡಿ, ಬೀಗದ ಕೈ ಮಾಡುವವನ ಗೂಡಂಗಡಿ ದಾಟಿ, ಒಂದು ಹಳೆ ಕಟ್ಟಡ. ಲಿಫ್ಟಿನ ಮಾತೇ ಇಲ್ಲ. ಮೂರನೇ ಮಹಡಿ ಹತ್ತುವಷ್ಟರಲ್ಲಿ ಸುಸ್ತೋ ಸುಸ್ತು. ಬಾಗಿಲಲ್ಲೇ ಕಾಯುತ್ತ ನಿಂತಿದ್ದ ಒಬ್ಬ ಹುಡುಗಿ ಅವಳನ್ನು ಕಂಡವಳೇ, "ಬಂದ್ರು, ಬಂದ್ರು!" ಅಂತ ಒಳಗೆ ಕೂಗಿ, "ಬನ್ನಿ ಮೇಡಂ, ನಿಮಗೇ ಕಾಯ್ತಿದ್ವಿ" ಅಂತ ಕೈಹಿಡಿದು ಕರೆದೊಯ್ದಳು. ಮೈಕಮ್ಮನಿಗೆ ಆಶ್ಚರ್ಯ. ಹಿಂದಿನ ದಿನ ಫೋನು ಮಾಡಿ ಬರುತ್ತೇನೆ ಅಂದಿದ್ದಳು, ನಿಜ. ಆದರೆ ಇಷ್ಟು ಮರ್ಯಾದೆಯಾ?

ಒಳಗೆ ಒಂದು ತರಗತಿಯಷ್ಟು ಹುಡುಗರು ಅರ್ಧ ಚಂದ್ರಾಕಾರವಾಗಿ ಕೂತಿದ್ದರು. ನಡುವೆ ಒಂದು ಕುರ್ಚಿ ಖಾಲಿಯಿತ್ತು. ಅವಳನ್ನು ಅಲ್ಲಿ ಕೂರಿಸಿ ನೀರು ಕೊಟ್ಟರು. ಮೂಲೆಯಲ್ಲಿ ಕಿಟಕಿಗೆ ಒರಗಿ ನಿಂತಿದ್ದ ಮೇಷ್ಟ್ರು ನಮಸ್ಕಾರ ಮಾಡಿ, "ಶುರು ಮಾಡ್ರಪ್ಪಾ" ಅಂದರು. ಓಹೋ, ಪ್ರವೇಶಕ್ಕೆ ಇಲ್ಲಿ ಸಂದರ್ಶನ ಬೇರೆ ಉಂಟು ಅಂದುಕೊಂಡು ಅವಳು ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತಳು.

"ಮೇಡಂ, ನೀವು ಮೊದಲ ಸಲ ನೀರಿಗೆ ಇಳಿದಾಗ ಎಷ್ಟು ವಯಸ್ಸು?"

ಪತ್ರಿಕೋದ್ಯಮದ ಹುಡುಗರಲ್ಲವಾ, ಮಾತನ್ನೇ ಚೆಂದಮಾಡಿ ಕೇಳುತ್ತಿದ್ದಾರೆ ಅನ್ನಿಸಿತು ಅವಳಿಗೆ. "ಎಲ್ಲರೂ ಚಿಕ್ಕ ವಯಸ್ಸಲ್ಲೇ ಇಳೀತಾರೆ. ನಾನು ಈ ವಯಸ್ಸಲ್ಲಿ ಈಗಷ್ಟೇ ಇಳೀತಾ ಇದೀನಿ," ಅಂದಳು.

ಹುಡುಗರು ಸರಸರ ಬರೆದುಕೊಂಡರು. "ಭಯ ಆಗಲ್ವಾ?"

"ಆಗುತ್ತೆ. ಜೊತೆಗಿರೋರೆಲ್ಲ ನಿಮ್ಮ ವಯಸ್ಸಿನೋರು. ನಾನು ಮುಳುಗಿದ್ರೆ ಏನು ಗತಿ ಅನ್ನಿಸುತ್ತೆ."

"ಮುಳುಗಿದ್ರೆ?" ಅಂತ ಹಿಂದಿನ ಸಾಲಿನಿಂದ ಯಾರೋ ಗಾಬರಿಯಾದರು. "ಹಾಗಾದ್ರೆ ಮಕ್ಕಳಿಗೆ ಹೇಗೆ ಹೇಳಿಕೊಡ್ತೀರಿ?"

"ಮಕ್ಕಳಿಗಾ? ನನಗೆ ಒಬ್ಬಳೇ ಮಗಳು. ಅವಳೇ ನನಗೆ ಹೇಳಿಕೊಡ್ತಾಳೆ."

ಕಿಟಕಿಯ ಬಳಿ ಮೇಷ್ಟ್ರು ನೆಟ್ಟಗಾದರು. "ಒಂದ್ನಿಮಿಷ ಅಮ್ಮ. ನೀವು ಈಜುಕೊಳದ ತರಬೇತುದಾರರಲ್ಲವಾ?"

"ಅಯ್ಯೋ, ನನಗೆ ಬಕೆಟ್ಟಿನ ನೀರೇ ಸಾಕು ಸಾರ್. ನಾನು ಕಾಲೇಜಿಗೆ ಸೇರೋಕೆ ಬಂದೋಳು!"

ಇಡೀ ಕೋಣೆ ಗೊಳ್ಳೆಂದು ನಕ್ಕಿತು. ಮೇಷ್ಟ್ರು ಕಣ್ಣೊರೆಸಿಕೊಂಡು ನಕ್ಕರು. ಮೈಕಮ್ಮ ಎಲ್ಲರಿಗಿಂತ ಹೆಚ್ಚು ನಕ್ಕಳು, ಹೊಟ್ಟೆ ಹಿಡಿದುಕೊಂಡು. ಆಗಿದ್ದಿಷ್ಟು: ಹುಡುಗರಿಗೆ ಪ್ರಶ್ನೆ ಕೇಳುವ ಅಭ್ಯಾಸವಾಗಲಿ ಅಂತ ಪ್ರತಿ ವಾರ ಯಾರಾದರೊಬ್ಬರನ್ನು ಕರೆಸುತ್ತಿದ್ದರು. ಆ ವಾರ ಬರಬೇಕಿದ್ದ ಈಜು ತರಬೇತುದಾರಳು ಬಂದಿರಲಿಲ್ಲ.

ಕ್ಷಮೆ ಕೇಳಿ, ಆಫೀಸು ತೋರಿಸುತ್ತೇನೆ ಬನ್ನಿ ಅಂತ ಮೇಷ್ಟ್ರು ಹೊರಟರು. ಅಷ್ಟರಲ್ಲಿ ಮುಂದಿನ ಸಾಲಿನ ಕಡ್ಡಿಯಂಥ ಹುಡುಗಿ ಕೈಯೆತ್ತಿದಳು. ಕಿವಿಯ ಹಿಂದೆ ಪೆನ್ನು ಸಿಕ್ಕಿಸಿಕೊಂಡಿದ್ದಳು. "ಸರ್, ಇವರ ದನಿ ನಾನು ಎಲ್ಲೋ ಕೇಳಿದೀನಿ. ದಿನಾ ಕೇಳಿದೀನಿ." ಹುಬ್ಬು ಗಂಟಿಕ್ಕಿ ಯೋಚಿಸಿ, ಥಟ್ಟನೆ, "ಬಸ್ ಸ್ಟ್ಯಾಂಡ್!" ಅಂತ ಕಿರುಚಿದಳು.

ಆಮೇಲೆ ಯಾರು ಬಿಡುತ್ತಾರೆ? ಮೈಕಮ್ಮ ಮತ್ತೆ ಅದೇ ಕುರ್ಚಿಯಲ್ಲಿ ಕೂರಬೇಕಾಯಿತು. ಗೂಡಿನಲ್ಲಿ ಸೆಖೆಯಾಗಲ್ವಾ, ತಪ್ಪು ಬಸ್ಸು ಕೂಗಿದ್ದುಂಟಾ, ಕನಸಿನಲ್ಲೂ ಬಸ್ಸು ಬರುತ್ತಾ... ಅವಳು ಹುರುಪಿನಿಂದ ಉತ್ತರ ಕೊಟ್ಟಳು. ಗಂಡನ ಗೊರಕೆಗೂ ಗೇರು ಬದಲಾಗುತ್ತೆ ಅಂದಾಗ ಒಬ್ಬ ಹುಡುಗ ಬೆಂಚಿನಿಂದ ಜಾರಿದ. ಕೊನೆಗೆ ಆ ಕಡ್ಡಿ ಹುಡುಗಿ ಕೇಳಿದಳು: "ಮೈಕಲ್ಲಿ ಹೇಳಬೇಕು ಅನ್ನಿಸಿ, ಹೇಳದೇ ಬಿಟ್ಟಿದ್ದು ಯಾವುದಾದ್ರೂ ಇದೆಯಾ?"

ಇಂಥ ಪ್ರಶ್ನೆಯನ್ನು ಅವಳಿಗೆ ಯಾರೂ ಕೇಳಿರಲಿಲ್ಲ. ಕರವಸ್ತ್ರ ತೆಗೆದು ಕಣ್ಣು ಮೂಗು ಒರೆಸಿಕೊಂಡಳು.

"ಇದೆ," ಅಂದಳು. "ಮಕ್ಕಳು ಕಳೆದುಹೋಗ್ತಾವಲ್ಲ. ಕೆಂಪು ಅಂಗಿ ಹಾಕಿರೋ ಒಂದು ಮಗು ಸಿಕ್ಕಿದೆ, ಮನೆಯವರು ಬಂದು ಕರ್ಕೊಂಡು ಹೋಗಿ ಅಂತ ಹೇಳ್ತೀನಿ. ಅವರು ಓಡಿ ಬರ್ತಾರೆ, ತಬ್ಕೋತಾರೆ, ಹೋಗ್ತಾರೆ. ಅದನ್ನ ನಾನು ಗಾಜಿನಿಂದ ನೋಡ್ತೀನಿ. ಆದರೆ ಮಗು ಮನೆಯವರನ್ನ ಸೇರ್ಕೊಳ್ತು ಅಂತ ಮೈಕಲ್ಲಿ ಹೇಳೋದು ನಿಯಮದಲ್ಲಿಲ್ಲ. ನಾನು ಮೊದಲು ಕೂಗಿದ್ದನ್ನ ಕೇಳಿ ಬಸ್ ಹತ್ತಿದ ಜನ ಇರ್ತಾರಲ್ಲ, ಅವರೆಲ್ಲ ದಾರಿಯುದ್ದ ಆ ಮಗು ಏನಾಯ್ತೋ ಏನೋ ಅಂದ್ಕೊಂಡೇ ಹೋಗಿರ್ತಾರೆ. ಅವರಿಗೆ ಮಿಕ್ಕಿದ್ದನ್ನ ಹೇಳಬೇಕು ಅನ್ನಿಸುತ್ತೆ."

ಹುಡುಗರು ಬರೆಯುವುದನ್ನು ಮರೆತು ಕೂತಿದ್ದರು.

ಆಫೀಸಿನಲ್ಲಿ ಮೇಷ್ಟ್ರು ಅಂಕಪಟ್ಟಿ ನೋಡಿ ಮುಚ್ಚುಮರೆಯಿಲ್ಲದೆ ಹೇಳಿದರು. "ಅಮ್ಮ, ನಿಮ್ಮ ವಾಣಿಜ್ಯದ ಪೇಪರುಗಳಲ್ಲಿ ಅರ್ಧದಷ್ಟು ಮಾತ್ರ ಇಲ್ಲಿ ಲೆಕ್ಕಕ್ಕೆ ಬರುತ್ತೆ. ಎರಡನೇ ವರ್ಷಕ್ಕೆ ಕೂರಬೇಕು. ಅಂದರೆ ಒಂದು ವರ್ಷ ಹೆಚ್ಚು. ಕ್ಲಾಸು ಬೇರೆ ಹಗಲು ಹೊತ್ತಲ್ಲಿ. ಆದರೆ ಹುಡುಗರು ಪ್ರತಿ ವಾರ ಪತ್ರಿಕೆ ತರ್ತಾರೆ. ನಾನು ಅದರಲ್ಲಿ ಕೈ ಹಾಕಲ್ಲ. ಯೋಚನೆ ಮಾಡಿ."

ಅವಳು ಯೋಚನೆ ಮಾಡಿದಳು. ಮನಸ್ಸು ಉಯ್ಯಾಲೆಯಾಯಿತು. ಮೊದಲನೆಯ ಕಾಲೇಜಿನಲ್ಲಿ ಒಂದೇ ವರ್ಷಕ್ಕೆ ಡಿಗ್ರಿ, ಇಲ್ಲಿ ಎರಡು. ಈ ವಯಸ್ಸಿನಲ್ಲಿ ಒಂದು ವರ್ಷ ಅಂದರೆ ಸುಮ್ಮನೆಯಾ? ಗಂಡ ಒಂದು ಕಡೆ ಎಳೆದ, ಅವಳ ಹುಚ್ಚು ಇನ್ನೊಂದು ಕಡೆ ಎಳೆಯಿತು.

ಅಷ್ಟರಲ್ಲಿ ಹುಡುಗರ ಆ ವಾರದ ಪತ್ರಿಕೆ ಅವಳ ಗೂಡಿಗೇ ಬಂತು. ಒಬ್ಬ ಕಂಡಕ್ಟರು, "ಮೈಕಮ್ಮಾ, ನಿಮ್ಮದು ಬಂದಿದೆ!" ಅಂತ ಮೆಟ್ಟಿಲ ಮೇಲಿಂದಲೇ ಬೀಸಿಕೊಂಡು ಬಂದ. ನಾಲ್ಕು ಪುಟದ ಹಾಳೆ, ಎರಡನೇ ಪುಟದಲ್ಲಿ ಅವಳ ಕಥೆ, ಬರೆದವಳು ಆ ಕಡ್ಡಿ ಹುಡುಗಿ. ಮೈಕಮ್ಮ ಉಸಿರು ಬಿಗಿಹಿಡಿದು ಓದಿದಳು. ಬಹಳ ಚೆನ್ನಾಗಿ ಬರೆದಿದ್ದಳು, ಒಂದು ಸಾಲಿನವರೆಗೆ. "ಕಳೆದುಹೋದ ಮಕ್ಕಳ ನೆನಪಾಗಿ ಅವರು ಗಳಗಳನೆ ಅತ್ತುಬಿಟ್ಟರು."

"ಅತ್ತೆನಾ ನಾನು? ಯಾವಾಗ ಅತ್ತೆ?" ಅಂತ ಅವಳು ಗೂಡಿನೊಳಗೇ ಎದ್ದು ನಿಂತಳು. ಕಂಡಕ್ಟರು ಹೆದರಿ ಇಳಿದುಹೋದ.

ಪಾಳಿ ಮುಗಿದದ್ದೇ ತಡ, ಸೀದಾ ಆ ಮೂರು ಮಹಡಿ ಹತ್ತಿದಳು. ಹುಡುಗಿ ಕಂಪ್ಯೂಟರಿನ ಮುಂದೆ ಮುಂದಿನ ವಾರದ ಪುಟ ಕಟ್ಟುತ್ತಿದ್ದಳು. ಇವಳನ್ನು ಕಂಡು ಮುಖ ಅರಳಿಸಿದಳು. "ಓದಿದ್ರಾ ಆಂಟಿ? ಹೇಗಿತ್ತು?"

"ಚೆನ್ನಾಗಿತ್ತಮ್ಮ. ಆದರೆ ನಾನು ಅಳಲಿಲ್ಲ. ನನಗೆ ನೆಗಡಿಯಾಗಿತ್ತು."

ಹುಡುಗಿಯ ಮುಖ ಇಳಿದುಹೋಯಿತು. "ಕಣ್ಣು, ಮೂಗು ಎಲ್ಲ ಒರೆಸ್ಕೋತಿದ್ರಿ. ನಾನು ಅದನ್ನೇ..."

"ಕೇಳಬೇಕಿತ್ತು ತಾನೇ? ಅಷ್ಟೊಂದು ಕೇಳಿದೋಳು ಅದೊಂದನ್ನ ಬಿಟ್ಯಲ್ಲ!"

ಹುಡುಗಿ ಸಮಜಾಯಿಷಿ ಹೇಳಬಹುದೆಂದು ಅವಳು ಕಾದಳು. ಒಂದು ಸಾಲು ತಾನೇ ಬಿಡಿ ಆಂಟಿ, ಓದೋರಿಗೆ ಹಿಡಿಸುತ್ತೆ ಅನ್ನಬಹುದಿತ್ತು. ಹುಡುಗಿ ಹಾಗೆ ಅನ್ನಲಿಲ್ಲ. "ತಪ್ಪು ನಂದೇ. ಮುಂದಿನ ಸಂಚಿಕೆಯಲ್ಲೇ ತಿದ್ದುಪಡಿ ಹಾಕ್ತೀನಿ," ಅಂದಳು. ಅವಳ ಎದುರಿಗೇ ಪುಟದಲ್ಲಿ ಜಾಗ ಮಾಡಿ ಬರೆದು, ಓದಿಯೂ ಹೇಳಿದಳು: "ಕಳೆದ ಸಂಚಿಕೆಯಲ್ಲಿ ಬಸ್ ನಿಲ್ದಾಣದ ಉದ್ಘೋಷಕಿಯವರು ಗಳಗಳನೆ ಅತ್ತರು ಎಂದು ಪ್ರಕಟವಾಗಿತ್ತು. ಅವರು ಅಳಲಿಲ್ಲ. ಅವರಿಗೆ ನೆಗಡಿಯಾಗಿತ್ತು. ತಪ್ಪಿಗೆ ವಿಷಾದಿಸುತ್ತೇವೆ."

ಮೈಕಮ್ಮನಿಗೆ ನಗು ತಡೆಯಲಾಗಲಿಲ್ಲ. ನಗುತ್ತಲೇ ಒಳಗೊಳಗೆ ಏನೋ ಹಗುರಾಯಿತು. ತಪ್ಪು ಬಸ್ಸು ಕೂಗಿದ ದಿನ ಅವಳೂ ಮೈಕು ಬಿಡದೆ, "ತಪ್ಪಾಯಿತು, ದಯವಿಟ್ಟು ಇತ್ತ ಬನ್ನಿ" ಅಂತ ಎಲ್ಲರೂ ಸರಿಯಾದ ಬಸ್ಸು ಹತ್ತುವವರೆಗೆ ಕೂಗಿದವಳು. ಹಾಗೆ ಕೂಗುವುದಕ್ಕೆ ಮೊದಲ ವರ್ಷ ಎಷ್ಟು ನಾಚಿಕೆಯಾಗುತ್ತಿತ್ತು! ಈ ಕಡ್ಡಿಯಂಥ ಹುಡುಗಿ ಅದನ್ನು ಇಷ್ಟು ಬೇಗ ಕಲಿತಿದ್ದಾಳಲ್ಲ, ಅದೂ ಯಾರೂ ಬೈಯದೆ. ಇಲ್ಲಿಗೇ ಬರಬೇಕು ಅಂತ ಅವಳು ನಿರ್ಧರಿಸಿದ್ದು ಆಗಲೇ, ಹುಡುಗಿ ಕೂತಿದ್ದ ಬಣ್ಣ ಮಾಸಿದ ಪ್ಲಾಸ್ಟಿಕ್ ಕುರ್ಚಿಯ ಪಕ್ಕ ನಿಂತುಕೊಂಡೇ.

ಮನೆಯಲ್ಲಿ ಹೇಳಿದಾಗ ಗಂಡ ಸ್ವಲ್ಪ ಹೊತ್ತು ಗಡ್ಡ ಕೆರೆದ. "ಮೂರು ಮಹಡಿ ದಿನಾ ಹತ್ತಬೇಕಲ್ಲೇ."

"ಹತ್ತುತ್ತೀನಿ."

"ಒಂದು ವರ್ಷ ಹೆಚ್ಚು."

"ಆಗ್ಲಿ ಬಿಡಿ. ಇಪ್ಪತ್ತು ವರ್ಷ ಒಂದೇ ಕುರ್ಚೀಲಿ ಕೂತಿದೀನಿ, ಬೆಂಚಿನ ಮೇಲೆ ಇನ್ನೊಂದು ವರ್ಷ ಭಾರವಾ?"

"ಹಾಗಾದ್ರೆ ನಿನಗೆ ನಸುಕಿನ ಪಾಳಿ, ಬೆಳಗಿನ ತಿಂಡಿ ನನ್ನ ಪಾಲಿಗೆ ಬಂತು ಅನ್ನು," ಅಂದ ಗಂಡ. ಅದೇ ಅವನ ಒಪ್ಪಿಗೆ. ಮಗಳು ಎದ್ದು ಬಂದು ಅಮ್ಮನ ಕೆನ್ನೆ ಹಿಂಡಿದಳು.

ಉಳಿದದ್ದು ಪಾಳಿಯ ವಿಷಯ. ಕ್ಲಾಸು ಹಗಲಾದ್ದರಿಂದ ಅವಳಿಗೆ ನಸುಕಿನ ಪಾಳಿಯೇ ಬೇಕಿತ್ತು. ಕಂಟ್ರೋಲರ ಮುಂದೆ ಅಳುಕುತ್ತ ಹೋಗಿ ನಿಂತಳು. ಅವರು ಪೂರ್ತಿ ಕೇಳಿಸಿಕೊಂಡು, ಕನ್ನಡಕ ಹಣೆಗೇರಿಸಿ, "ನಸುಕಿನ ಪಾಳಿ ಬೇಕು ಅಂತ ಕೇಳಿಕೊಂಡು ಬಂದೋರನ್ನ ನನ್ನ ಸರ್ವೀಸಲ್ಲೇ ನೋಡಿಲ್ಲ. ತಗೊಳ್ಳಿ," ಅಂದರು. ಅವಳು ಬಾಗಿಲು ದಾಟುವಾಗ ಹಿಂದಿನಿಂದ ಕರೆದು ಸೇರಿಸಿದರು: "ಓದಿ ದೊಡ್ಡೋರಾದ್ಮೇಲೆ ನನ್ನ ಬಗ್ಗೆ ಬರೀಬೇಡಿ, ಆಯ್ತಾ?"

"ನೋಡೋಣ ಸಾರ್," ಅಂದುಬಿಟ್ಟಳು ಮೈಕಮ್ಮ. ಅಂದ ಮೇಲೆ ತನ್ನ ಧೈರ್ಯಕ್ಕೆ ತಾನೇ ಬೆರಗಾದಳು.

ಕ್ಲಾಸಿನ ಮೊದಲ ತಿಂಗಳು ಅಷ್ಟು ಸಲೀಸಾಗಿರಲಿಲ್ಲ. ಟೈಪಿಂಗ್ ಒಂದು ಬೆರಳಲ್ಲೇ ಆಗಬೇಕಿತ್ತು. ಮೊದಲು ಬರೆದುಕೊಟ್ಟ ವರದಿಯನ್ನು ಮೇಷ್ಟ್ರು ಓದಿ, "ಅಮ್ಮ, ಇದರಲ್ಲಿ ಪ್ರತಿ ವಾಕ್ಯವೂ 'ದಯವಿಟ್ಟು ಗಮನಿಸಿ' ಅಂದ ಹಾಗಿದೆ" ಅಂತ ಕೆಂಪು ಗೆರೆ ಎಳೆದರು. ಅವಳು ತಿದ್ದಿ ಬರೆದಳು, ಮತ್ತೆ ಗೆರೆ ಬಿತ್ತು, ಮತ್ತೆ ತಿದ್ದಿದಳು. ಕಡ್ಡಿ ಹುಡುಗಿ ಪಕ್ಕದ ಬೆಂಚಿಗೆ ಬಂದು ಕೂತು ಹತ್ತೂ ಬೆರಳು ಓಡಿಸುವುದನ್ನು ಹೇಳಿಕೊಟ್ಟಳು. ಬದಲಿಗೆ ಮೈಕಮ್ಮ ಅವಳಿಗೆ ಅಪರಿಚಿತರ ಜೊತೆ ಫೋನಿನಲ್ಲಿ ತಡವರಿಸದೆ ಮಾತಾಡುವುದನ್ನು ಕಲಿಸಿದಳು. ಊಟದ ಡಬ್ಬಿ ಇಬ್ಬರದೂ ಒಂದೇ ಆಯಿತು.

ಮಾರುಕಟ್ಟೆಯ ಹಿಂದಿನ ಸಾರ್ವಜನಿಕ ವಾಚನಾಲಯ ದುರಸ್ತಿಗೆಂದು ತಿಂಗಳುಗಟ್ಟಲೆ ಬಾಗಿಲು ಹಾಕಿಕೊಂಡಿತ್ತು. ಅದರ ಬಗ್ಗೆ ಬರೆದದ್ದೇ ಅವಳ ಹೆಸರಲ್ಲಿ ಅಚ್ಚಾದ ಮೊದಲ ವರದಿ. ದುರಸ್ತಿ ಮುಗಿದು ಎಷ್ಟೋ ದಿನವಾಗಿತ್ತು, ಆದರೆ ಬೀಗದ ಕೈ ಯಾರ ಬಳಿಯಿದೆ ಅಂತ ಯಾರಿಗೂ ಗೊತ್ತಿರಲಿಲ್ಲ. ಮೈಕಮ್ಮ ಒಬ್ಬರಾದ ಮೇಲೊಬ್ಬರಿಗೆ ಫೋನು ಮಾಡುತ್ತ ಹೋಗಿ, ಕೊನೆಗೆ ಅದು ವರ್ಗವಾಗಿ ಹೋದ ಅಧಿಕಾರಿಯೊಬ್ಬರ ಮೇಜಿನ ಖಾನೆಯಲ್ಲಿರುವುದನ್ನು ಪತ್ತೆ ಮಾಡಿದಳು. ವರದಿ ಬಂದ ಮರುವಾರ ಬಾಗಿಲು ತೆರೆಯಿತು. ಒಂದು ಮಧ್ಯಾಹ್ನ ಕ್ಲಾಸು ಮುಗಿಸಿ ಅವಳು ಅಲ್ಲಿಗೆ ಹೋದಳು. ಕಿಟಕಿಯ ಪಕ್ಕದ ಉದ್ದ ಬೆಂಚಿನಲ್ಲಿ ಜಾಗವೇ ಇರಲಿಲ್ಲ. ಶಾಲೆ ಬಿಟ್ಟ ಇಬ್ಬರು ಹುಡುಗಿಯರು ಒತ್ತಿಕೊಂಡು ಸರಿದು ಅವಳಿಗೊಂದಿಷ್ಟು ಜಾಗ ಮಾಡಿಕೊಟ್ಟರು. ಅವಳು ಕೂತು, ಅವತ್ತಿನ ಪೇಪರನ್ನು ಮೊದಲ ಪುಟದಿಂದ ಓದತೊಡಗಿದಳು.